ಪೆಟ್ಟಿಗೆ ಮೇಲೆ 150, ತಕ್ಕಡೀಲಿ 161: ಸೀಸದ ಗುಂಡಿನ ಅಚ್ಚು ಹೇಳೋ ತೂಕದ ಬಗ್ಗೆ

ಇವತ್ತು ನಿಮ್ಮ ಮುಂದೆ ಮಾತಾಡೋಕೆ ಈ ವಿಷಯ ಯಾಕೆ ಆರಿಸಿಕೊಂಡೆ ಅಂತ ಮೊದಲು ಹೇಳಿಬಿಡ್ತೀನಿ. ನಾನು ಪೆನ್ಸಿಲ್ವೇನಿಯಾಗೆ ಬಂದು ಹದಿನೆಂಟು ವರ್ಷ ಆಯ್ತು, ಕೆಲಸ ಒಂದು ಮೆಷಿನ್ ಶಾಪಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಷನ್ನು, ಅಂದ್ರೆ ಬೆಳಗ್ಗೆಯಿಂದ ಸಾಯಂಕಾಲದ ತನಕ ಅಳೆಯೋದೇ ಕೆಲಸ. ಅಲ್ಲಿ ನನ್ನ ಜೊತೆ ಇದ್ದ ಒಬ್ಬರು ಹಿರಿಯರು ಶನಿವಾರ ಆದ್ರೆ ಸಾಕು ಹಳೇ ರೈಫಲ್ ಎತ್ಕೊಂಡು ರೇಂಜಿಗೆ ಹೋಗ್ತಿದ್ರು, ಅದಕ್ಕೆ ಬೇಕಾದ ಸೀಸದ ಗುಂಡನ್ನ ತಮ್ಮ ಗ್ಯಾರೇಜಲ್ಲೇ ಎರಕ ಹೊಯ್ಕೊಳ್ತಿದ್ರು. ನನಗೆ ಗುರಿ ಹೊಡೆಯೋದಕ್ಕಿಂತ ಆ ಎರಕದ ಮೇಲೇ ಆಸೆ ಹುಟ್ತು. ಕರಗಿದ ಸೀಸ ಅಚ್ಚಿಗೆ ಬಿದ್ದು, ಮೇಲೆ ಹೊಳೀತಾ ಇದ್ದಿದ್ದು ನಾಲ್ಕೈದು ಸೆಕೆಂಡಲ್ಲಿ ಮಂಕಾಗಿ ಗಟ್ಟಿ ಆಗೋದನ್ನ ನೋಡೋದೇ ಒಂದು ಖುಷಿ.

ಇನ್ನೊಂದು ಮಾತು ಈಗಲೇ ಸ್ಪಷ್ಟ ಮಾಡ್ತೀನಿ. ಅಮೆರಿಕಾದ ಬಹಳ ಕಡೆ ಸ್ವಂತ ಬಳಕೆಗೆ ಗುಂಡು ಎರಕ ಹೊಯ್ಯೋದು ಹವ್ಯಾಸ, ಕಾನೂನು ಒಪ್ಪುತ್ತೆ. ನಮ್ಮ ದೇಶದಲ್ಲಿ ಹಾಗಲ್ಲ, 1959ರ ಆರ್ಮ್ಸ್ ಆಕ್ಟಿನ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸೋಕೆ ಲೈಸೆನ್ಸ್ ಬೇಕೇ ಬೇಕು. ಹಾಗಾಗಿ ರಜೆಗೆ ಊರಿಗೆ ಹೋದಾಗ ಅಲ್ಲಿ ಮಾಡಿ ನೋಡೋ ವಿಷಯ ಇದಲ್ಲ. ನಾನು ಇವತ್ತು ಹೇಳ್ತಿರೋದು ಅಳತೆ ಬಗ್ಗೆ, ಲೋಹದ ಬಗ್ಗೆ, ಒಂದು ಲೇಬಲ್ಲನ್ನ ಹೇಗೆ ಓದಬೇಕು ಅನ್ನೋದರ ಬಗ್ಗೆ.

ಆಗಿದ್ದು ಏನಂದ್ರೆ, 30-30 ಅನ್ನೋ ತೋಟಾ ಹಾಕೋ ರೈಫಲಿಗೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಅಚ್ಚು ತಗೊಂಡೆ. ಕಬ್ಬಿಣದ ಎರಡು ಹೋಳು, ಮುಚ್ಚಿದ್ರೆ ಮಧ್ಯ ಗುಂಡಿನ ಆಕಾರದ ಖಾಲಿ ಜಾಗ, ಮೇಲೆ ಸೀಸ ಹೊಯ್ಯೋ ತೂತಿರೋ ಒಂದು ಪ್ಲೇಟು, ಅದಕ್ಕೆ ಸ್ಪ್ರೂ ಪ್ಲೇಟ್ ಅಂತಾರೆ. ಪೆಟ್ಟಿಗೆ ಮೇಲೆ 150 ಗ್ರೇನ್ ಅಂತ ಅಚ್ಚಾಗಿತ್ತು, ಗ್ರೇನ್ ಅಂದ್ರೆ ಗುಂಡಿನ ತೂಕ ಹೇಳೋ ಅಳತೆ. ಟೈರ್ ಅಂಗಡಿಯಿಂದ ತಂದ ಹಳೇ ವೀಲ್ ವೆಯ್ಟ್ ಕರಗಿಸಿ, ಅಂದ್ರೆ ಕಾರಿನ ಚಕ್ರ ಬ್ಯಾಲೆನ್ಸ್ ಮಾಡೋಕೆ ಹೊಡೀತಾರಲ್ಲ ಆ ಸೀಸದ ತುಂಡು ಕರಗಿಸಿ ಐವತ್ತು ಗುಂಡು ಹೊಯ್ದೆ, ಆರಿದ ಮೇಲೆ ಒಂದೊಂದಾಗಿ ತೂಗಿದೆ. 160.8, 161.1, 161, 160.9. ಹತ್ತು ತೂಗಿದೆ, ಇಪ್ಪತ್ತು ತೂಗಿದೆ, ಎಲ್ಲಾ ಅಲ್ಲೇ. 150 ಅನ್ನೋದು ಹತ್ತಿರಕ್ಕೂ ಇಲ್ಲ.

ನನ್ನ ಕೆಲಸದ ಅಭ್ಯಾಸ ಅದು, ಅಳತೆ ತಪ್ಪು ಬಂದ್ರೆ ಮೊದಲು ಅಳೆಯೋ ಸಾಧನನೇ ಅನುಮಾನಿಸಬೇಕು. ತಕ್ಕಡಿ ಪರೀಕ್ಷೆಗೆ ಇಲ್ಲಿ ಒಂದು ಸುಲಭದ ದಾರಿ ಇದೆ, ಅಮೆರಿಕಾದ ಐದು ಸೆಂಟಿನ ನಿಕಲ್ ನಾಣ್ಯದ ತೂಕ 5 ಗ್ರಾಂ, ಅಂದ್ರೆ 77.16 ಗ್ರೇನ್. ಹೊಸ ನಾಣ್ಯ ಇಟ್ಟೆ, 77.2 ತೋರಿಸ್ತು. ಎರಡು ಇಟ್ಟೆ, 154.3. ತಕ್ಕಡಿ ಸರಿಯಾಗಿದೆ. ಹಾಗಾದ್ರೆ ನಾನು ಹೊಯ್ಯೋದರಲ್ಲಿ ತಪ್ಪಿದೆಯಾ? ಹೊಯ್ಯೋದರಲ್ಲಿ ತಪ್ಪಿದ್ರೆ ಒಂದು 155 ಬರಬೇಕು, ಒಂದು 163 ಬರಬೇಕು, ಚೆಲ್ಲಾಪಿಲ್ಲಿ ಆಗಬೇಕು. ಇಲ್ಲಿ ಎಲ್ಲಾ ಒಂದೇ ಕಡೆ ಗುಂಪಾಗಿ ನಿಂತಿವೆ. ಎಲ್ಲಾ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ತಪ್ಪಿದ್ರೆ ಅದು ಕೈತಪ್ಪಲ್ಲ, ಅದಕ್ಕೆ ಒಂದು ಕಾರಣ ಇರುತ್ತೆ.

ಕಾರಣಕ್ಕೆ ಹೋಗೋ ಮುಂಚೆ ಈ ಗ್ರೇನ್ ಅನ್ನೋದು ಏನು ಅಂತ ನೋಡಿಬಿಡೋಣ, ಯಾಕಂದ್ರೆ ನಮಗೆ ಇದು ಪರಕೀಯ ಅನ್ಸುತ್ತೆ, ಆದ್ರೆ ಅಲ್ಲ. ಗ್ರೇನ್ ಅಂದ್ರೆ ಕಾಳು, ಮೂಲದಲ್ಲಿ ಬಾರ್ಲಿ ಕಾಳಿನ ತೂಕ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಮಿಗೆ 15.43. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಚಿನ್ನ ತೂಗ್ತಿದ್ದರಲ್ಲ, ಅದೇ ರೀತಿ ಯೋಚನೆ. ಅಷ್ಟೇ ಅಲ್ಲ, ಇನ್ನೂ ಹತ್ತಿರದ ನಂಟು ಇದೆ. ಬ್ರಿಟಿಷರು 1833ರಲ್ಲಿ ತೊಲವನ್ನ ಗಟ್ಟಿ ಮಾಡಿದಾಗ ಒಂದು ತೊಲ ಅಂದ್ರೆ 180 ಗ್ರೇನ್ ಅಂತ ನಿಗದಿ ಮಾಡಿದ್ರು, ಬೆಳ್ಳಿ ರೂಪಾಯಿ ತೂಕಾನೂ ಅದೇ. ನಮ್ಮಜ್ಜಿ ಕಷಾಯಕ್ಕೆ ಒಂದು ರೂಪಾಯಿ ತೂಕ ಜೀರಿಗೆ ಅಂತಿದ್ರಲ್ಲ, ಅದು 180 ಗ್ರೇನ್. ಅಂದ್ರೆ 180 ಗ್ರೇನಿನ ಒಂದು ಗುಂಡು ಅಂದ್ರೆ ಸರಿಯಾಗಿ ಒಂದು ತೊಲ. ತೊಲಕ್ಕೆ 96 ಗುಲಗಂಜಿ, ಹಾಗಾಗಿ ಒಂದು ಗುಲಗಂಜಿ ಎರಡು ಗ್ರೇನಿಗೆ ಸ್ವಲ್ಪ ಕಮ್ಮಿ. ನನ್ನ ಗುಂಡಿನ ಹನ್ನೊಂದು ಗ್ರೇನ್ ವ್ಯತ್ಯಾಸ ಅಂದ್ರೆ ಸುಮಾರು ಆರು ಗುಲಗಂಜಿ. ಚಿನ್ನದಂಗಡೀಲಿ ಆರು ಗುಲಗಂಜಿ ಹೆಚ್ಚುಕಮ್ಮಿ ಆದ್ರೆ ಯಾರೂ ಸುಮ್ಮನಿರಲ್ಲ ಅಲ್ವಾ.

ಈಗ ವಿಷಯಕ್ಕೆ ಬರ್ತೀನಿ. ನಿಮ್ಮಲ್ಲಿ ಎಷ್ಟು ಜನರ ಮನೇಲಿ ಪಾವು ಇದೆ? ಹಿತ್ತಾಳೆದೋ ಕಬ್ಬಿಣದ್ದೋ, ಕೈ ಎತ್ತಿ. ಪರವಾಗಿಲ್ಲ, ಇಲ್ಲೂ ತಂದು ಇಟ್ಕೊಂಡಿದ್ದೀರಿ. ಆ ಪಾವಲ್ಲಿ ಅಕ್ಕಿ ತುಂಬಿ ತೂಗಿ, ಆಮೇಲೆ ಅದೇ ಪಾವಲ್ಲಿ ಅವಲಕ್ಕಿ ತುಂಬಿ ತೂಗಿ. ಪಾವು ಅದೇ, ತಲೆ ಗೀಚಿದ್ದೂ ಅದೇ ಕೈ, ತೂಕ ಮಾತ್ರ ಬೇರೆ ಬೇರೆ. ಈಗ ಯಾರೋ ಆ ಪಾವಿನ ಮೇಲೆ ಇಷ್ಟು ಗ್ರಾಂ ಅಂತ ಕೆತ್ತಿಬಿಟ್ರು ಅನ್ಕೊಳಿ, ಯಾವ ಕಾಳಿಗೆ ಅಂತ ಕೆತ್ತಲಿಲ್ಲ. ಅವಲಕ್ಕಿ ತೂಗಿ ಕೆತ್ತಿದ ಪಾವಲ್ಲಿ ನೀವು ಅಕ್ಕಿ ಅಳೀತಿದ್ದೀರಿ, ತೂಕ ಜಾಸ್ತಿ ಬಂತು ಅಂತ ಪಾವನ್ನ ಬೈದ್ರೆ ಏನು ಪ್ರಯೋಜನ? ಗುಂಡಿನ ಅಚ್ಚೂ ಪಾವೇ. ಅದಕ್ಕೆ ಗೊತ್ತಿರೋದು ಎಷ್ಟು ಜಾಗ ಅನ್ನೋದು ಮಾತ್ರ. 150 ಗ್ರೇನ್ ಅನ್ನೋ ಲೇಬಲ್ ಪೂರ್ತಿ ವಾಕ್ಯ ಅಲ್ಲ, "ಇಂಥ ಆಲಾಯ್ ಹೊಯ್ದ್ರೆ" ಅನ್ನೋ ಅರ್ಧ ಭಾಗ ಬಿಟ್ಟುಹೋಗಿದೆ. ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಮುಖ್ಯವಾಗಿ ಇದೇ.

ಆ ಆಲಾಯ್ ಅನ್ನೋದು ಏನು? ಒಂದಕ್ಕಿಂತ ಹೆಚ್ಚು ಲೋಹ ಬೆರೆಸಿದ ಮಿಶ್ರಲೋಹ. ಗುಂಡು ಎರಕ ಹೊಯ್ಯೋರು ಬರೀ ಸೀಸ ಬಳಸೋದು ಕಡಿಮೆ. ಶುದ್ಧ ಸೀಸ ತುಂಬಾ ಮೆತ್ತಗೆ, ಉಗುರಲ್ಲಿ ಗೀಚಬಹುದು. ಅದಕ್ಕೆ ತವರ ಸೇರಿಸ್ತಾರೆ, ಆಂಟಿಮನಿ ಸೇರಿಸ್ತಾರೆ. ತವರ ನಿಮಗೆ ಗೊತ್ತು, ಬೀದೀಲಿ ಕಲಾಯಿಯವನು ಬಂದು ತಿದಿ ಊದಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ ಹತ್ತೀಲಿ ಒರೆಸಿದ ತಕ್ಷಣ ಕನ್ನಡಿ ಥರ ಹೊಳೀತಿತ್ತಲ್ಲ, ಅದೇ ತವರ. ಅದು ಹೇಗೆ ಪಾತ್ರೆ ಮೇಲೆ ಸಲೀಸಾಗಿ ಹರಡ್ತಿತ್ತೋ ಇಲ್ಲೂ ಹಾಗೇ ಕರಗಿದ ಸೀಸ ಅಚ್ಚಿನ ಮೂಲೆಮೂಲೆಗೂ ಹರಿಯೋ ಹಾಗೆ ಮಾಡುತ್ತೆ. ಆಂಟಿಮನಿ ಗಡಸುತನ ಕೊಡುತ್ತೆ. ಆದ್ರೆ ಎರಡೂ ಸೀಸಕ್ಕಿಂತ ಹಗುರ. ಸೀಸ ಒಂದು ಸಿಸಿಗೆ 11.34 ಗ್ರಾಂ, ತವರ 7.3ರ ಆಸುಪಾಸು, ಆಂಟಿಮನಿ 6.7. ಎಷ್ಟು ಬೆರೆಸ್ತೀರೋ ಅಷ್ಟು ಆಲಾಯ್ ಗಟ್ಟಿ ಆಗುತ್ತೆ ಮತ್ತು ಅಷ್ಟೇ ಹಗುರ ಆಗುತ್ತೆ. ಗಟ್ಟಿ ಅಂದ್ರೆ ಭಾರ ಅಂತ ನಮ್ಮ ಮನಸ್ಸಲ್ಲಿ ಕೂತಿದೆ, ಇಲ್ಲಿ ಅದು ಉಲ್ಟಾ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡೀತೀನಿ, ಯಾಕಂದ್ರೆ ಈ ಕಥೆಯ ಜೀವ ಇರೋದು ಪ್ರಿಂಟಿಂಗ್ ಪ್ರೆಸ್ಸಲ್ಲಿ. ಅಚ್ಚುಮೊಳೆ ನೋಡಿರೋರು ಇಲ್ಲಿ ಕೆಲವರಾದ್ರೂ ಇರ್ತೀರಿ, ಮದುವೆ ಕರೆಯೋಲೆ ಮಾಡಿಸೋಕೆ ಪ್ರೆಸ್ಸಿಗೆ ಹೋದ್ರೆ ಕಂಪೋಸಿಟರ್ ಮರದ ಖಾನೆಯಿಂದ ಒಂದೊಂದೇ ಮೊಳೆ ಹೆಕ್ಕಿ ಜೋಡಿಸ್ತಿದ್ದರು, ಬೆರಳೆಲ್ಲಾ ಕಪ್ಪು. ಆ ಮೊಳೆಯ ಲೋಹಾನೂ ಇದೇ ಮೂರು, ಸೀಸ ತವರ ಆಂಟಿಮನಿ. ಅಮೆರಿಕಾದಲ್ಲಿ ಒಟ್ಮಾರ್ ಮೆರ್ಗೆಂಥಾಲರ್ ಅನ್ನೋರು ಕಂಡುಹಿಡಿದ ಲೈನೋಟೈಪ್ ಯಂತ್ರ 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೇಲಿ ಮೊದಲು ಓಡ್ತು. ಅದು ಮೊಳೆ ಹೆಕ್ಕೋದಲ್ಲ, ಕೀಬೋರ್ಡಲ್ಲಿ ಒತ್ತಿದ ಹಾಗೆ ಒಂದು ಇಡೀ ಸಾಲನ್ನೇ ಬಿಸಿ ಲೋಹದಲ್ಲಿ ಎರಕ ಹೊಯ್ದು ಹೊರಗೆ ಹಾಕೋದು. ಆ ಲೋಹದ ಅಳತೆ ಗೊತ್ತುಮಾಡಿದ್ದು: 84 ಭಾಗ ಸೀಸ, 12 ಭಾಗ ಆಂಟಿಮನಿ, 4 ಭಾಗ ತವರ. ಸುಮಾರು 240 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತೆ, ಶುದ್ಧ ಸೀಸಕ್ಕಾದ್ರೆ 327 ಬೇಕು. ಗುಂಡು ಹೊಯ್ಯೋರಿಗೆ ಇದಕ್ಕಿಂತ ಇನ್ನೇನು ಬೇಕು, ಪತ್ರಿಕಾ ಕಚೇರೀಲಿ ಹಳೇ ಲೋಹ ಸಿಗ್ತಿತ್ತು, ಅಳತೆ ಯಾವಾಗಲೂ ಒಂದೇ, ಅಚ್ಚಲ್ಲಿ ಚೆಂದ ತುಂಬ್ಕೊಳ್ತಿತ್ತು. ಹಾಗಾಗಿ ಕೆಲವು ಅಚ್ಚುಗಳ ತೂಕವನ್ನ ಲೈನೋಟೈಪಿನ ಲೆಕ್ಕದಲ್ಲೇ ಹೇಳಿದ್ರು. ಆಮೇಲೆ ಫೋಟೋಟೈಪ್‌ಸೆಟ್ಟಿಂಗ್, ಅಂದ್ರೆ ಲೋಹದ ಬದಲು ಫೋಟೋ ಮೂಲಕ ಅಕ್ಷರ ಜೋಡಿಸೋದು ಬಂತು, ಕಂಪ್ಯೂಟರ್ ಬಂತು, ನ್ಯೂಯಾರ್ಕ್ ಟೈಮ್ಸ್ ಬಿಸಿ ಲೋಹದಲ್ಲಿ ಕೊನೇ ಸಲ ಪತ್ರಿಕೆ ಜೋಡಿಸಿದ್ದು 1978ರ ಜುಲೈ ತಿಂಗಳಲ್ಲಿ. ಯಂತ್ರ ಹೋಯ್ತು, ಲೋಹ ಸಿಗೋದು ಅಪರೂಪ ಆಯ್ತು, ಜನ ವೀಲ್ ವೆಯ್ಟಿಗೆ ಇಳಿದ್ರು, ಆದ್ರೆ ಪೆಟ್ಟಿಗೆ ಮೇಲಿನ ನಂಬರ್ ಹಾಗೇ ಉಳೀತು. ನನ್ನ 150 ಅಂಥಾದ್ದೊಂದು ನಂಬರ್.

ಲೆಕ್ಕ ಹಾಕಿ ನೋಡೋಣ. ಲೈನೋಟೈಪಿನ ಮೂರು ಲೋಹಗಳ ಪಾಲು ಹಿಡಿದು ಲೆಕ್ಕ ಹಾಕಿದ್ರೆ ಒಂದು ಸಿಸಿಗೆ ಸುಮಾರು 10.26 ಗ್ರಾಂ ಬರುತ್ತೆ. ಹಳೇ ವೀಲ್ ವೆಯ್ಟಲ್ಲಿ ಸುಮಾರು 95.5 ಭಾಗ ಸೀಸ, 4 ಆಂಟಿಮನಿ, ಅರ್ಧ ಭಾಗ ತವರ ಅಂತ ಹಿಡಿದ್ರೆ 11 ಗ್ರಾಂ. 150ನ್ನ 11ರಿಂದ ಗುಣಿಸಿ 10.26ರಿಂದ ಭಾಗಿಸಿ. 160.8. ನನ್ನ ತಕ್ಕಡಿ ಹೇಳಿದ್ದೂ ಅದೇ! ಆ ರಾತ್ರಿ ಗ್ಯಾರೇಜಲ್ಲಿ ಈ ಲೆಕ್ಕ ಕೂಡಿಬಂದಾಗ ನನಗಾದ ಸಮಾಧಾನ ಹೇಳೋಕಾಗಲ್ಲ, ಅಚ್ಚು ಕೆಟ್ಟಿಲ್ಲ, ತಕ್ಕಡಿ ಕೆಟ್ಟಿಲ್ಲ, ಪೆಟ್ಟಿಗೆ ಸುಳ್ಳು ಹೇಳಿಲ್ಲ. ಅದೇ ಅಚ್ಚಿಗೆ ಶುದ್ಧ ಸೀಸ ಹೊಯ್ದ್ರೆ ಲೆಕ್ಕದಲ್ಲಿ 166ರ ಹತ್ತಿರ ಹೋಗುತ್ತೆ. ನಿಜದಲ್ಲಿ ಅಷ್ಟು ಪೂರ್ತಿ ಬರಲ್ಲ, ಯಾಕಂದ್ರೆ ಆಂಟಿಮನಿ ಇರೋ ಲೋಹ ಆರುವಾಗ ಕಮ್ಮಿ ಕುಗ್ಗುತ್ತೆ, ಶುದ್ಧ ಸೀಸ ಜಾಸ್ತಿ ಕುಗ್ಗುತ್ತೆ, ಹಾಗಾಗಿ ಗುಂಡಿನ ಸುತ್ತಳತೆ ಒಂದು ಕೂದಲೆಳೆ ಸಣ್ಣ ಆಗಿ ತೂಕದ ಹೆಚ್ಚಳದಲ್ಲಿ ಸ್ವಲ್ಪ ತಿಂದುಹಾಕುತ್ತೆ.

ಎಲ್ಲರೂ ಲೈನೋಟೈಪನ್ನೇ ಆಧಾರ ಇಟ್ಕೊಂಡಿಲ್ಲ. ಲೈಮನ್ ಅಂತ ಕನೆಕ್ಟಿಕಟ್ಟಿನ ಹಳೇ ಕಂಪನಿ, 1878ರದ್ದು, ಇವರ ಹೆಸರಲ್ಲೇ ಒಂದು ಆಲಾಯ್ ಇದೆ, ಲೈಮನ್ ನಂಬರ್ 2 ಅಂತ. 90 ಸೀಸ, 5 ತವರ, 5 ಆಂಟಿಮನಿ. ಅವರ ಅಚ್ಚಿನ ತೂಕ ಈ ಆಲಾಯ್ ಲೆಕ್ಕದಲ್ಲಿ. ಇವರ ಅಚ್ಚಿನ ನಂಬರ್ ಓದೋದು ಒಂದು ಚೆಂದ: 429421 ಅಂದ್ರೆ ಮೊದಲ ಮೂರು ಅಂಕಿ ಅಡ್ಡಳತೆ, 0.429 ಇಂಚು, ಉಳಿದ 421 ಅನ್ನೋದು ವಿನ್ಯಾಸದ ನಂಬರ್. ಎಲ್ಮರ್ ಕೀತ್ ಅನ್ನೋರು ರೂಪಿಸಿದ 44 ಕ್ಯಾಲಿಬರಿನ ರಿವಾಲ್ವರ್ ಗುಂಡು ಅದು, ಪಟ್ಟೀಲಿ 245 ಗ್ರೇನ್. ನಂಬರ್ 2 ಆಲಾಯ್ ಒಂದು ಸಿಸಿಗೆ 10.67 ಗ್ರಾಂ ಬರುತ್ತೆ, ಅದರ ಬದಲು ವೀಲ್ ವೆಯ್ಟ್ ಹೊಯ್ದ್ರೆ 245 ಅನ್ನೋದು 252, 253 ಆಗುತ್ತೆ. ಇದು ಸಣ್ಣ ಹೆಚ್ಚಳ. ಅಂದ್ರೆ ಎರಡು ಕಂಪನಿಯ ಎರಡು ಅಚ್ಚು ಪಕ್ಕಪಕ್ಕ ಇಟ್ಟು, ಒಂದೇ ಪಾತ್ರೆಯಿಂದ ಹೊಯ್ದ್ರೂ ಒಂದು ನೂರಕ್ಕೆ ಮೂರು ಹೆಚ್ಚು ಕೊಡುತ್ತೆ, ಇನ್ನೊಂದು ನೂರಕ್ಕೆ ಏಳು ಹೆಚ್ಚು ಕೊಡುತ್ತೆ, ಆಧಾರ ಯಾವುದು ಅಂತ ಗೊತ್ತಿಲ್ಲದೋನು ಎರಡನೇ ಕಂಪನಿ ಸರಿ ಇಲ್ಲ ಅಂತ ತೀರ್ಮಾನ ಮಾಡಿಬಿಡ್ತಾನೆ.

ಶುದ್ಧ ಸೀಸವನ್ನೇ ಆಧಾರ ಇಟ್ಕೊಂಡ ಅಳತೇನೂ ಇದೆ, ಅದು ನಿಮಗೆಲ್ಲಾ ಗೊತ್ತಿರೋ 12 ಬೋರ್. ಕೊಡಗಲ್ಲಿ, ಮಲೆನಾಡಲ್ಲಿ ತೋಟಾ ಕೋವಿ ಅಂದ್ರೆ ಬಹುಪಾಲು 12 ಬೋರು. ಆ 12 ಅಂದ್ರೆ ಏನು ಅಂತ ಎಷ್ಟೋ ಕೋವಿ ಇಟ್ಕೊಂಡೋರಿಗೂ ಗೊತ್ತಿರಲ್ಲ. ನಳಿಗೆಗೆ ಸರಿಹೋಗೋ ಶುದ್ಧ ಸೀಸದ ದುಂಡು ಗುಂಡು ಒಂದು ಪೌಂಡಿಗೆ ಎಷ್ಟು ಬರುತ್ತೆ ಅನ್ನೋ ಎಣಿಕೆ ಅದು. ಪೌಂಡಿಗೆ ಹನ್ನೆರಡು ಗುಂಡು, ಒಂದೊಂದು 583 ಗ್ರೇನ್, ಅಡ್ಡಳತೆ 0.729 ಇಂಚು. ಅದಕ್ಕೇ 16 ಬೋರ್ 12ಕ್ಕಿಂತ ಸಣ್ಣ. ಅಲ್ಲಿ ಯಾವ ಲೋಹ ಅನ್ನೋದು ಹೆಸರಿನೊಳಗೇ ಅಡಗಿ ಕೂತಿದೆ.

ನಿಮ್ಮ ಆಲಾಯ್ ಯಾವುದು ಅಂತ ಹೇಗೆ ಗೊತ್ತುಮಾಡೋದು? ಟೈರ್ ಅಂಗಡಿಯ ಬಕೀಟಲ್ಲಿ ಏನಿದೆ ಅಂತ ಯಾರೂ ಬರೆದಿಟ್ಟಿರಲ್ಲ. ಹೈಸ್ಕೂಲಲ್ಲಿ ಆರ್ಕಿಮಿಡೀಸ್ ಓದಿದ್ದೀವಲ್ಲ, ಅದನ್ನೇ ಮಾಡಿದೆ. ಒಂದು ಲೋಟದಲ್ಲಿ ನೀರು, ಅದನ್ನ 0.01 ಗ್ರಾಂ ತೋರಿಸೋ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಗುಂಡಿಗೆ ತೆಳು ದಾರ ಕಟ್ಟಿ ಮೇಲಿಂದ ನೀರೊಳಗೆ ಇಳಿಬಿಡಬೇಕು, ತಳ ಮುಟ್ಟಬಾರದು, ಗೋಡೆ ಮುಟ್ಟಬಾರದು, ಮೇಲೆ ಗಾಳಿಗುಳ್ಳೆ ಅಂಟಿಕೊಂಡಿರಬಾರದು. ತಕ್ಕಡಿ ಆಗ ತೋರಿಸೋದು ಗುಂಡಿನ ತೂಕ ಅಲ್ಲ, ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕ, ಅಂದ್ರೆ ಗುಂಡಿನ ಗಾತ್ರ. ನನಗೆ 0.95 ಬಂತು. ಗುಂಡು ಗಾಳೀಲಿ 10.43 ಗ್ರಾಂ. ಭಾಗಿಸಿದ್ರೆ 10.98. ಅಲ್ಲಿಗೆ ಇದು ಲೈನೋಟೈಪಲ್ಲ ಅಂತ ಖಾತ್ರಿ ಆಯ್ತು. ಒಂದೇ ಗುಂಡಲ್ಲಿ ಮಾಡಿದ್ರೆ ಕೊನೇ ಅಂಕಿ ನಂಬೋಕಾಗಲ್ಲ, ಹತ್ತು ಗುಂಡು ಒಟ್ಟಿಗೆ ಕಟ್ಟಿ ಇಳಿಬಿಟ್ರೆ ಉತ್ತರ ಹೆಚ್ಚು ಗಟ್ಟಿ. ನಿಮ್ಮ ಮಕ್ಕಳಿಗೆ ಶಾಲೆ ಪ್ರಾಜೆಕ್ಟಿಗೆ ಇದನ್ನ ಸ್ಟೀಲ್ ಬೋಲ್ಟಲ್ಲಿ ಮಾಡಿಸಿ, ಸೀಸ ಬೇಡ, ಅರ್ಧ ಗಂಟೆ ಕೆಲಸ.

ಆಲಾಯ್ ಒಂದೇ ಕಾರಣ ಅಲ್ಲ, ಆದ್ರೆ ನನ್ನ ಅನುಭವದಲ್ಲಿ ದೊಡ್ಡ ಪಾಲು ಅದರದ್ದೇ. ಎರಡನೇದು ಅಚ್ಚನ್ನ ಕೊರೆಯೋ ಆಯುಧ. ಗುಂಡಿನ ಆಕಾರದ್ದೇ ಒಂದು ಕಟ್ಟರ್ ಇರುತ್ತೆ, ಅದಕ್ಕೆ ಈ ಕಸುಬಲ್ಲಿ ಚೆರ್ರಿ ಅಂತಾರೆ, ಹಣ್ಣಿನ ಹೆಸರೇ. ಎರಡು ಹೋಳಿನ ಮಧ್ಯ ಅದನ್ನ ತಿರುಗಿಸ್ತಾ ಹೋಳುಗಳನ್ನ ನಿಧಾನಕ್ಕೆ ಹತ್ತಿರ ತರ್ತಾರೆ. ಮೆಷಿನ್ ಶಾಪಲ್ಲಿ ಇರೋರಿಗೆ ಇದು ತಕ್ಷಣ ಹೊಳೆಯುತ್ತೆ, ಕಟ್ಟರ್ ಸವೀತಾ ಹೋಗುತ್ತೆ, ಮತ್ತೆ ಮತ್ತೆ ಸಾಣೆ ಹಿಡೀತಾರೆ, ಪ್ರತಿ ಸಾಣೆಗೂ ಅದು ಸಣ್ಣ ಆಗುತ್ತೆ. ಅದಕ್ಕೇ ಹೊಸ ಚೆರ್ರಿಯನ್ನ ಸ್ವಲ್ಪ ದಪ್ಪಾನೇ ಮಾಡ್ತಾರೆ, ಸವೆಯೋಕೆ ಜಾಗ ಇರಲಿ ಅಂತ. ಹೊಸ ಚೆರ್ರಿಯಿಂದ ಮೊದಲು ಕೊರೆದ ಅಚ್ಚು ನಿಮ್ಮ ಪಾಲಿಗೆ ಬಂದ್ರೆ ಗುಂಡು ದಪ್ಪ, ತೂಕ ಜಾಸ್ತಿ. ಕೊನೇಗೆ ಕೊರೆದಿದ್ದು ಬಂದ್ರೆ ಕಮ್ಮಿ. ಅಡ್ಡಳತೆ 0.310 ಇದ್ದಿದ್ದು 0.312 ಆದ್ರೆ ಕಣ್ಣಿಗೆ ಏನೂ ಕಾಣಲ್ಲ, ಆದ್ರೆ ತೂಕ ಅಡ್ಡಳತೆಯ ವರ್ಗದ ಲೆಕ್ಕದಲ್ಲಿ ಏರುತ್ತೆ, ನೂರಕ್ಕೆ 1.3. 150ರ ಗುಂಡಲ್ಲಿ ಅದು ಎರಡು ಗ್ರೇನ್.

ಮೂರನೇದನ್ನ ನನಗೆ ಕಲಿಸಿದ್ದು ರೇಂಜಲ್ಲಿ ಪರಿಚಯ ಆದ ಒಬ್ಬ ಸ್ನೇಹಿತನ ಅಚ್ಚು. ಆಲಾಯ್ ಲೆಕ್ಕ ಎಲ್ಲಾ ಹಾಕಿದ ಮೇಲೂ ಅವನದ್ದು ಮೂರೂವರೆ ಗ್ರೇನ್ ಜಾಸ್ತಿ ಬರ್ತಿತ್ತು. ಮೈಕ್ರೋಮೀಟರ್ ಹಿಡಿದು ಗುಂಡನ್ನ ಅಳೆದೆ, ಜೋಡಣೆ ಗೆರೆ ಮೇಲೆ ಒಂದು ಅಳತೆ, ಅದಕ್ಕೆ ಅಡ್ಡಲಾಗಿ ಹೋಳುಗಳು ಬೇರ್ಪಡೋ ದಿಕ್ಕಲ್ಲಿ ಇನ್ನೊಂದು ಅಳತೆ, 0.004 ಇಂಚು ವ್ಯತ್ಯಾಸ. ಗುಂಡು ದುಂಡಗಿಲ್ಲ, ಅಂಡಾಕಾರ. ಅಂದ್ರೆ ಹೋಳುಗಳು ಪೂರ್ತಿ ಮುಚ್ಚಿಕೊಳ್ತಿಲ್ಲ. ಟಾರ್ಚ್ ಹಿಡಿದು ನೋಡಿದ್ರೆ ಒಂದು ಹೋಳಿನ ಮುಖದ ಮೇಲೆ ಸಾಸಿವೆಗಿಂತ ಸಣ್ಣ ಸೀಸದ ಹನಿ ಅಂಟಿ ಚಪ್ಪಟೆ ಆಗಿ ಕೂತಿದೆ. ಅಷ್ಟೇ ಸಾಕು. 0.31 ಇಂಚು ದಪ್ಪ, ಒಂದು ಇಂಚು ಉದ್ದದ ಗುಂಡಿನ ಮಧ್ಯ 0.002 ಇಂಚಿನ ಪದರ ಸೇರಿದ್ರೆ 1.7 ಗ್ರೇನ್, 0.004 ಆದ್ರೆ 3.4. ಅಚ್ಚನ್ನ ಬಿಸಿ ಮಾಡಿ ಮರದ ಕಡ್ಡೀಲಿ ಆ ಹನಿ ಒರೆಸಿದ್ವಿ, ತೂಕ ಇಳೀತು. ದಯವಿಟ್ಟು ಅಲ್ಲಿಗೆ ಚಾಕು, ಸ್ಕ್ರೂಡ್ರೈವರ್ ಹಾಕಬೇಡಿ, ಹೋಳಿನ ಮುಖಕ್ಕೆ ಒಂದು ಗೀರು ಬಿದ್ರೆ ಆ ಅಚ್ಚು ಮುಗೀತು, ಎಷ್ಟು ಒಳ್ಳೇ ಅಚ್ಚುಗಳು ಹೀಗೆ ಹಾಳಾಗಿರೋದು ನೋಡಿ ಹೊಟ್ಟೆ ಉರಿದಿದೆ.

ಬಿಸಿಯ ವಿಷಯ ಬೇಗ ಹೇಳಿ ಮುಂದೆ ಹೋಗ್ತೀನಿ. ಅಚ್ಚು ತಣ್ಣಗಿದ್ರೆ ಗುಂಡು ಸುಕ್ಕು ಸುಕ್ಕು, ಅಂಚು ಮೊಂಡು, ತೂಕ ಕಮ್ಮಿ. ಅಚ್ಚು ಚೆನ್ನಾಗಿ ಕಾದಿದ್ರೆ ಮೂಲೆ ತುಂಬುತ್ತೆ, ತೂಕ ಏರಿ ಒಂದು ಕಡೆ ನಿಲ್ಲುತ್ತೆ. ಸೀಸ ಗಟ್ಟಿ ಆಗುವಾಗ ಗಾತ್ರದಲ್ಲಿ ನೂರಕ್ಕೆ ಮೂರರಿಂದ ನಾಲ್ಕು ಭಾಗ ಕುಗ್ಗುತ್ತೆ, ಹಾಗಾಗಿ ಸ್ಪ್ರೂ ಪ್ಲೇಟ್ ಮೇಲೆ ಧಾರಾಳವಾಗಿ ಒಂದು ಗುಡ್ಡೆ ಸೀಸ ಬಿಡಬೇಕು, ಒಳಗೆ ಕುಗ್ಗಿದ ಹಾಗೆ ಮೇಲಿಂದ ಇಳಿದು ತುಂಬೋಕೆ. ಇಲ್ಲಿ ಒಂದು ಮಾತು ಗಮನಿಸಿ. ಒಳಗೆ ಗಾಳಿ ಸೇರಿದ್ರೆ, ಸರಿಯಾಗಿ ತುಂಬದಿದ್ರೆ, ಗುಂಡು ಯಾವಾಗಲೂ ಹಗುರಾನೇ ಆಗುತ್ತೆ, ಭಾರ ಆಗಲ್ಲ. ಹಾಗಾಗಿ ಒಂದು ರಾಶಿ ಗುಂಡು ತೂಗಿದಾಗ ಭಾರದ ಕಡೆ ಗುಂಪಾಗಿ ನಿಂತಿರೋವೇ ಒಳ್ಳೇ ಗುಂಡು, ಗುಂಪಿನಿಂದ ಕೆಳಗೆ ಬಿದ್ದಿರೋವನ್ನ ಮತ್ತೆ ಪಾತ್ರೆಗೆ ಹಾಕಿ. ಲೇಬಲ್ಲಿಗೆ ಹತ್ತಿರ ಇದೆ ಅಂತ ಹಗುರದವನ್ನ ಉಳಿಸಿಕೊಂಡು, ಭಾರದವನ್ನ ಎಸೆಯೋರನ್ನ ನೋಡಿದ್ದೀನಿ, ಅವರು ಕಾಳು ಬಿಟ್ಟು ಜೊಳ್ಳು ಇಟ್ಕೊಳ್ತಿದ್ದಾರೆ.

ಆಮೇಲೆ ಗುಂಡು ಹೊಯ್ದ ಹಾಗೇ ಬಳಸಲ್ಲ. ಹಿಂಭಾಗಕ್ಕೆ ಒಂದು ತಾಮ್ರದ ಪುಟ್ಟ ಬಟ್ಟಲು ಕೂರಿಸ್ತಾರೆ, ಗ್ಯಾಸ್ ಚೆಕ್ ಅಂತ, 30 ಕ್ಯಾಲಿಬರಿನದ್ದು ಸುಮಾರು ಮೂರು ಗ್ರೇನ್. ಸುತ್ತ ಇರೋ ಕಾಲುವೆಗಳಿಗೆ ಮೇಣದ ಲ್ಯೂಬ್, ಅಂದ್ರೆ ಜಾರೋಕೆ ಹಚ್ಚೋ ಜಿಡ್ಡು ತುಂಬ್ತಾರೆ, ಅದೊಂದು ಎರಡು ಗ್ರೇನ್. ಎಲ್ಲಾ ಸೇರಿ ನನ್ನ "150" ಕೊನೇಗೆ 165 ದಾಟ್ತು.

ಯಾರೋ ಆಗಲೇ ಕೇಳಿದ್ರಲ್ಲ, ಹತ್ತು ಹದಿನೈದು ಗ್ರೇನಿಂದ ಏನಾಗುತ್ತೆ, ಒಂದು ಗ್ರಾಂ ಕೂಡ ಇಲ್ಲ ಅಂತ. ಕೇಳಿದ್ದು ಸರಿ, ಇದೇ ಮುಖ್ಯ. ತೋಟಾಕ್ಕೆ ತುಂಬೋ ಮದ್ದಿನ ಪ್ರಮಾಣ ಎಷ್ಟು ಅಂತ ಹೇಳೋ ಕೈಪಿಡಿಗಳಿವೆ, ಅವು ಗುಂಡಿನ ತೂಕದ ಲೆಕ್ಕದಲ್ಲಿ ಪಟ್ಟಿ ಕೊಡ್ತವೆ. ನೀವು ಪೆಟ್ಟಿಗೆ ನಂಬಿ 150ರ ಪುಟ ತೆಗೆದು, ಅಲ್ಲಿ ಹೇಳಿರೋ ಗರಿಷ್ಠ ಪ್ರಮಾಣಾನೇ ಹಾಕಿದ್ರೆ, ನಿಜವಾಗಿ ತಳ್ಳಬೇಕಾಗಿರೋದು 165ರ ಗುಂಡನ್ನ. ಖಾಲಿ ಗಾಡಿ, ತುಂಬಿದ ಗಾಡಿ ತಳ್ಳಿದ ಹಾಗೆ, ಭಾರದ್ದು ನಿಧಾನಕ್ಕೆ ಕದಲುತ್ತೆ, ಅಷ್ಟು ಹೊತ್ತು ಉರೀತಿರೋ ಅನಿಲಕ್ಕೆ ಜಾಗ ಸಾಲಲ್ಲ, ಒತ್ತಡ ಏರುತ್ತೆ. ಒಂದು ಸಮಾಧಾನ ಏನಂದ್ರೆ ಅಚ್ಚು ಅದೇ ಇರೋದರಿಂದ ಗುಂಡಿನ ಉದ್ದ ಬದಲಾಗಿರಲ್ಲ, ತೋಟಾ ಒಳಗೆ ಮದ್ದಿನ ಜಾಗ ಕಮ್ಮಿ ಆಗಿರಲ್ಲ. ಕಮ್ಮಿ ಮದ್ದು ಹಾಕಿ ಗುರಿ ಹೊಡೆಯೋನಿಗೆ ಇದರಿಂದ ಅಪಾಯ ಆಗೋದು ಕಷ್ಟ. ಆದ್ರೆ ಅಂಚಿನ ತನಕ ಹೋಗೋನಿಗೆ ಕೈಪಿಡಿ ಬಿಟ್ಟಿರೋ ರಕ್ಷಣೆಯ ಜಾಗವನ್ನ ಅವನಿಗೆ ಗೊತ್ತಿಲ್ಲದ ಹಾಗೇ ಈ ಹದಿನೈದು ಗ್ರೇನ್ ತಿಂದಿರುತ್ತೆ. ಕಣ್ಣಿಂದ ಒಂದು ಗೇಣು ದೂರದಲ್ಲಿ ಆಗೋ ಕೆಲಸ ಇದು. ನಿಮ್ಮ ಗುಂಡನ್ನ ನೀವೇ ತೂಗಿ, ಲ್ಯೂಬು ಗ್ಯಾಸ್ ಚೆಕ್ ಸಮೇತ, ಆ ತೂಕದ ಪುಟ ತೆಗೀರಿ, ಸರಿಯಾಗಿ ಆ ತೂಕ ಇಲ್ಲದಿದ್ರೆ ಅದಕ್ಕಿಂತ ಭಾರದ ಗುಂಡಿನ ಪುಟ ತೆಗೀರಿ, ಕೆಳಗಿನ ಪ್ರಮಾಣದಿಂದ ಶುರು ಮಾಡಿ. ಇದರಲ್ಲಿ ನಾನು ಯಾರ ಜೊತೇನೂ ರಾಜಿ ಮಾಡ್ಕೊಳಲ್ಲ.

ಇನ್ನೊಬ್ಬರು ಕೇಳಿದ್ದು, ಹಾಗಾದ್ರೆ ಅಚ್ಚು ವಾಪಸ್ ಕೊಡಬೇಕಾ ಅಂತ. ಬೇಡ. ಆಲಾಯ್ ಲೆಕ್ಕ ಕಳೆದ ಮೇಲೂ ನೂರಕ್ಕೆ ಎರಡು ಮೂರು ಜಾಸ್ತಿ ಬಂದ್ರೆ, ಮೊದಲು ಹೋಳು ಸರಿ ಮುಚ್ತಿದೆಯಾ ನೋಡಿ, ಆಮೇಲೆ ಗುಂಡಿನ ಅಡ್ಡಳತೆ ನಿಮ್ಮ ನಳಿಗೆಗೆ ಹೊಂದುತ್ತಾ ನೋಡಿ. ನನ್ನ ಮಟ್ಟಿಗೆ ಅಚ್ಚಲ್ಲಿ ನೋಡಬೇಕಾದ್ದು ಅಡ್ಡಳತೆ ಮತ್ತು ದುಂಡಗಿರೋದು, ಅದು ಸರಿ ಇದ್ರೆ ತೂಕ ಎಷ್ಟಾದ್ರೂ ಇರಲಿ, ಎಲ್ಲಾ ಒಂದೇ ಥರ ಇದ್ರೆ ಸಾಕು. 161ರ ಐವತ್ತು ಗುಂಡು ಒಂದೇ ಕಡೆ ಹೋಗಿ ಬೀಳ್ತವೆ. 150ರಿಂದ 154ರ ತನಕ ಹರಡಿರೋ ಐವತ್ತು ಹಾಗೆ ಬೀಳಲ್ಲ.

ಸೀಸದ ಬಗ್ಗೆ ಹೇಳದೆ ಮುಗಿಸೋಕಾಗಲ್ಲ, ಇಲ್ಲಿ ಸಣ್ಣ ಮಕ್ಕಳ ಅಪ್ಪ ಅಮ್ಮಂದಿರಿದ್ದೀರಿ. ಎರಕದ ಬಿಸಿಗಿಂತ ಹೆಚ್ಚು ಹೆದರಬೇಕಾಗಿರೋದು ಮೇಲೆ ಕಟ್ಟೋ ಕಿಟ್ಟದ ಪುಡಿಗೆ, ಅದು ಕೈಗೆ, ಬಟ್ಟೆಗೆ, ಅಲ್ಲಿಂದ ಅಡುಗೆಮನೆಗೆ ಬರುತ್ತೆ. ನಾನು ಗ್ಯಾರೇಜ್ ಬಾಗಿಲು ತೆಗೆದಿಟ್ಟು ಹೊಯ್ತೀನಿ, ಅಲ್ಲಿ ಕಾಫಿ ಕೂಡ ಕುಡಿಯಲ್ಲ, ಬಟ್ಟೆ ಬೇರೆ ಒಗೀತೀನಿ, ಆ ಪಾತ್ರೆ ಸೌಟು ಇನ್ಯಾವುದಕ್ಕೂ ಬಳಸಲ್ಲ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ರೂ ಅದು ಆವಿಯಾಗಿ ಸಿಡಿದು ಸೀಸ ಮುಖಕ್ಕೆ ಹಾರುತ್ತೆ, ಮುಖಕ್ಕೆ ಶೀಲ್ಡು, ಉದ್ದ ತೋಳು ಇಲ್ಲದೆ ಹತ್ತಿರ ಹೋಗಬಾರದು. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸ್ತೀನಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ, ಸತ್ತ ಪ್ರಾಣಿ ತಿನ್ನೋ ಹದ್ದುಗಳ ಹೊಟ್ಟೆಗೆ ಸೀಸ ಸೇರ್ತಿತ್ತು ಅಂತ, ಆ ನಿರ್ಧಾರ ಸರಿ ಅಂತಾನೇ ನನ್ನ ಅಭಿಪ್ರಾಯ. ನಾನು ಹೊಡೆಯೋದು ರೇಂಜಿನ ಮಣ್ಣು ದಿಣ್ಣೆಗೆ ಮಾತ್ರ.

ವೀಲ್ ವೆಯ್ಟೂ ಈಗ ಮೊದಲಿನ ಹಾಗಿಲ್ಲ. ಹೊಸ ಬಕೀಟಲ್ಲಿ ಅರ್ಧಕ್ಕರ್ಧ ಉಕ್ಕು, ಸತು ಇರುತ್ತೆ. ಸತು ಕರಗೋದು 419 ಡಿಗ್ರಿಗೆ, ಸೀಸ 327ಕ್ಕೆ, ಹಾಗಾಗಿ ಉರಿ ಹದವಾಗಿಟ್ರೆ ಸತು ಕರಗದೆ ತೇಲುತ್ತೆ, ಜಾಲರಿ ಸೌಟಲ್ಲಿ ಎತ್ತಿ ಹಾಕಬಹುದು, ಉರಿ ಜಾಸ್ತಿ ಮಾಡಿ ಅದು ಸೀಸದ ಜೊತೆ ಸೇರಿಹೋದ್ರೆ ಆ ಲೋಹ ಅಚ್ಚಲ್ಲಿ ಸರಿಯಾಗಿ ತುಂಬಲ್ಲ. ಉಳಿದ ಸೀಸದಲ್ಲಿ ಆಂಟಿಮನಿ ಎಷ್ಟಿದೆ ಅನ್ನೋದೂ ಬಕೀಟಿಂದ ಬಕೀಟಿಗೆ ಬೇರೆ. ಹಾಗಾಗಿ ಒಂದು ಸಲ ತೂಗಿ ಬರೆದಿಟ್ಟ ನಂಬರ್ ಮುಂದಿನ ವರ್ಷಕ್ಕೆ ನಡೆಯಲ್ಲ. ನಾನೀಗ ಹೊಸದಾಗಿ ಕರಗಿಸಿ ಗಟ್ಟಿ ಮಾಡಿದ ಪ್ರತಿ ಸೀಸದ ಗಟ್ಟಿ ಮೇಲೂ ಮಾರ್ಕರಲ್ಲಿ ತಾರೀಖು ಬರೀತೀನಿ, ಅದರ ಕೆಳಗೆ ಈ 30-30 ಅಚ್ಚಲ್ಲಿ ಆ ಲೋಹ ಎಷ್ಟು ತೂಗ್ತು ಅಂತ ಬರೀತೀನಿ. ಹೋದ ತಿಂಗಳು ಕರಗಿಸಿದ್ದರ ಮೇಲೆ 159.6 ಅಂತಿದೆ, ಅದರ ಪಕ್ಕದ ಸಾಲಲ್ಲಿ ಹಳೇವು 161 ಅಂತ ಹೇಳ್ತಿವೆ, ಎರಡನ್ನೂ ಬೇರೆ ಬೇರೆ ಡಬ್ಬಕ್ಕೆ ಹಾಕಿಟ್ಟಿದ್ದೀನಿ.